ಬ್ಯಾಟರಿ ಬೇಗ ಇಳೀತಿದೆ ಅಂತ ದಾವಣಗೆರೆಲಿ ಫೋನ್ ಬಿಚ್ಚಿಸೋ ಮುಂಚೆ ಇದನ್ನ ಓದಿ

ಫೋನ್ ಚಾರ್ಜ್ ನಿಲ್ತಿಲ್ಲ ಅಂತ ರಿಪೇರಿ ಅಂಗಡಿಗೆ ಹೊರಟಿದ್ದೀರಾ? ಸ್ವಲ್ಪ ತಡೀರಿ. ನನಗೆ 2,200 ರೂಪಾಯಿ ಟೋಪಿ ಬಿದ್ದಿದೆ. ದುಡ್ಡು ಹೋದ ಸಿಟ್ಟು ಒಂದು ಕಡೆ ಇರಲಿ, ಅಂಗಡಿ ತುಂಬ ಗಿರಾಕಿಗಳು ನಿಂತಿರುವಾಗ ಆ ಮನುಷ್ಯ ಆಡಿದ ಮಾತು ಇದೆಯಲ್ಲ, ಅದು ರಾತ್ರಿ ಮಲಗಿದ್ರೂ ಕಿವಿ ಬಿಟ್ಟು ಹೋಗ್ತಿಲ್ಲ. ಅಂಗಡಿ ಹೆಸರು ಹಾಕಲ್ಲ, ದೂರು ನಡೀತಾ ಇದೆ. ಊರು ದಾವಣಗೆರೆ, ಜಾಗ ಪೇಟೆ ಒಳಗೆ. ಅಷ್ಟು ಸಾಕು.

ನಾನು ಎಪಿಎಂಸಿ ಯಾರ್ಡಲ್ಲಿ ಒಂದು ದಲಾಲಿ ಅಂಗಡಿಲಿ ಲೆಕ್ಕ ಬರೆಯೋನು. ಮೆಕ್ಕೆಜೋಳದ ಸೀಸನ್ ಬಂತು ಅಂದ್ರೆ ಫೋನ್ ಕೈ ಬಿಟ್ಟು ಕೆಳಗಿಳಿಯಲ್ಲ. ಇವತ್ತಿನ ರೇಟೆಷ್ಟು ಅಂತ ಕೇಳೋ ರೈತರು, ಲಾರಿ ಹರಿಹರ ದಾಟ್ತಾ ಅಂತ ಕೇಳೋ ಸಾವ್ಕಾರ್ರು, ತೂಕದ ಚೀಟಿ ಫೋಟೋ ಹೊಡೆದು ಕಳಿಸೋದು, ಹಮಾಲರ ಲೆಕ್ಕ ಯುಪಿಐಲಿ ಹಾಕೋದು, ಎಲ್ಲ ಅದರಲ್ಲೇ. ಅಂಥ ಫೋನು ಬೆಳಗ್ಗೆ ನೂರು ತುಂಬಿಸ್ಕೊಂಡು ಹೊರಟರೆ ಊಟದ ಹೊತ್ತಿಗೆ 30ಕ್ಕೆ ಬಂದು ಕೂತಿರ್ತಿತ್ತು. ತಗೊಂಡು ವರ್ಷದ ಮೇಲೆ ಸ್ವಲ್ಪ ಆಗಿತ್ತು, ವಾರಂಟಿ ಆಗಷ್ಟೇ ಮುಗಿದಿತ್ತು. ಸರಿ, ತೋರಿಸೋಣ ಅಂತ ಹೋದೆ.

ಆ ಮನುಷ್ಯ ಒಂದು ಮಾತೂ ಕೇಳಲಿಲ್ಲ. ಯಾವಾಗಿಂದ ಹಿಂಗೆ, ಎಲ್ಲಿ ಕೂತಾಗ ಇಳಿಯುತ್ತೆ, ಯಾವ ಆ್ಯಪ್ ಜಾಸ್ತಿ ಬಳಸ್ತೀರಿ, ಏನೂ ಇಲ್ಲ. ಸೆಟ್ಟಿಂಗ್ಸ್ ತೆಗೆದು ಬ್ಯಾಟರಿ ಪುಟ ನೋಡೋ ಕೆಲಸಾನೂ ಮಾಡಲಿಲ್ಲ. ಸೀದಾ ಹೀಟರ್ ಮೇಲೆ ಇಟ್ಟ, ಹಿಂದಿನ ಪ್ಯಾನೆಲ್ ಎಬ್ಬಿಸಿದ. ಕೆಂಪು ಅಂಕಿ ಮಿನುಗೋ ಒಂದು ಡಿಸಿ ಮಷೀನು ಇಟ್ಕೊಂಡಿದ್ದಾನೆ, ಬ್ಯಾಟರಿ ಬದಲು ತಾನೇ ಕರೆಂಟ್ ಕೊಟ್ಟು ಫೋನು ಎಷ್ಟು ಎಳೀತಿದೆ ಅಂತ ತೋರಿಸೋದು, ಅದರ ವೈರು ಸಿಕ್ಕಿಸಿ ಫೋನ್ ಆನ್ ಮಾಡಿದ. ಸ್ಕ್ರೀನು ಫಳಫಳ ಉರೀತಾ ಇದೆ, ಮಷೀನಲ್ಲಿ ಅಂಕಿ ಏರ್ತಾ ಇದೆ.

"ನೋಡ್ರಿ ಸರ್, ಎಷ್ಟು ಕರೆಂಟ್ ಎಳೀತಾ ಐತೆ! ಬ್ಯಾಟರಿ ಸತ್ತೋಗೈತೆ. ಇನ್ನೊಂದು ವಾರ ಬಿಟ್ಟಿದ್ರೆ ಬೋರ್ಡೂ ಹೋಗ್ತಿತ್ತು."

ಅಲ್ರೀ, ಆನ್ ಆಗಿರೋ ಫೋನು ಕರೆಂಟ್ ಎಳೀದೆ ಇನ್ನೇನು ಮಾಡುತ್ತೆ? ಒಳಗೆ ಎಲ್ಲಾದ್ರೂ ಕರೆಂಟ್ ಸೋರ್ತಿದೆಯಾ ಅಂತ ನೋಡೋದು ಪವರ್ ಬಟನ್ ಒತ್ತೋಕೆ ಮುಂಚೆ. ಆಫ್ ಇದ್ದಾಗ್ಲೂ ಕರೆಂಟ್ ಎಳೀತಿದೆ ಅಂತ ಮಷೀನು ತೋರಿಸಿದ್ರೆ ಸೋರಿಕೆ ಇದೆ ಅಂತ ಅರ್ಥ. ಇದನ್ನ ಆಮೇಲೆ ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಹೇಳಿದ್ರು. ಅವತ್ತು ಕೌಂಟರ್ ಮುಂದೆ ನಿಂತೋನಿಗೆ ಆ ಕೆಂಪು ಅಂಕಿ ತೋರಿಸಿ ಕಿವಿ ಮೇಲೆ ಹೂ ಇಟ್ಟ. ಪಕ್ಕದಲ್ಲಿ ನಿಂತಿದ್ದ ಯಾರೋ ಒಬ್ಬರು "ಹೌದೇಳಪ್ಪ, ಬದಲಾಯಿಸಿಬಿಡು" ಅಂತ ಪುಕ್ಕಟೆ ಸಲಹೆ ಬೇರೆ ಕೊಟ್ರು.

ಒರಿಜಿನಲ್ ಬ್ಯಾಟರಿ ಅಂತ 1,800. ಸಾಫ್ಟ್‌ವೇರ್ ಕ್ಲೀನಿಂಗ್ ಅಂತ 400. ಬಿಲ್ ಕೇಳಿದ್ರೆ ವಿಸಿಟಿಂಗ್ ಕಾರ್ಡ್ ಹಿಂದೆ "ಬ್ಯಾಟರಿ 6 ತಿಂಗಳು" ಅಂತ ಗೀಚಿ ಕೊಟ್ಟ. ಹಳೇ ಬ್ಯಾಟರಿ ಕೊಡಪ್ಪ ಅಂದೆ. "ಅದನ್ನ ಏನ್ ಮಾಡ್ತೀರಿ ಸರ್, ಮನೇಲಿಟ್ರೆ ಬ್ಲಾಸ್ಟ್ ಆಗುತ್ತೆ, ನಾವೇ ಎಸೀತೀವಿ." ಎಲ್ಲಿ ಎಸೆದನೋ. ನನ್ನ ಬ್ಯಾಟರಿ ಇವತ್ತು ಯಾರ ಫೋನಲ್ಲಿ "ಒರಿಜಿನಲ್" ಆಗಿ ಕೂತಿದೆಯೋ ದೇವರೇ ಬಲ್ಲ.

ಹೊಸ ಬ್ಯಾಟರಿ ಹಾಕಿದ ಮೇಲಾದ್ರೂ ಸರಿ ಹೋಯ್ತಾ? ಮೊದಲಿಗಿಂತ ಕೆಟ್ಟದಾಯ್ತು! ಮೊದಲು ನಿಧಾನಕ್ಕಾದ್ರೂ ಇಳೀತಿತ್ತು. ಈಗ 38 ತೋರಿಸ್ತಾ ಇರೋ ಫೋನು ಮಾತಾಡ್ತಾ ಮಾತಾಡ್ತಾನೇ ಆಫ್. ಚಾರ್ಜಿಗೆ ಹಾಕಿದ್ರೆ ಕೆನ್ನೆಗಿಟ್ಟುಕೊಳ್ಳೋಕೆ ಆಗದಷ್ಟು ಬಿಸಿ. ಸಾಲದ್ದಕ್ಕೆ ಲಾಕ್ ತೆಗೆದ ಕೂಡಲೇ ಜಾಹೀರಾತು. ರಾಕೆಟ್ ಚಿತ್ರ ಇರೋ ಒಂದು ಆ್ಯಪ್ "ನಿಮ್ಮ ಫೋನ್ ಬಿಸಿಯಾಗಿದೆ, ಈಗಲೇ ತಂಪು ಮಾಡಿ" ಅಂತ ಕೂಗ್ತಾನೇ ಇತ್ತು.

ವಾಪಸ್ ಹೋದೆ. ಅಂಗಡಿ ತುಂಬ ಜನ.

"ಹೊಸಾ ಬ್ಯಾಟರಿ ಸರ್, ಸೆಟ್ ಆಗ್ಬೇಕು. ಪೂರ್ತಿ ಖಾಲಿ ಮಾಡಿ, ಪೂರ್ತಿ ತುಂಬಿಸಿ, ಹಿಂಗೆ ಒಂದ್ನಾಲ್ಕು ಸಲ ಮಾಡಿ" ಅಂದ. ಇದು ಹಳೇ ನಿಕ್ಕಲ್ ಬ್ಯಾಟರಿ ಕಾಲದ ಮಾತು. ಈಗಿನ ಲಿಥಿಯಂ ಬ್ಯಾಟರಿನ ಸೊನ್ನೆಗೆ ಇಳಿಸಿ ನೂರಕ್ಕೆ ಏರಿಸಿದ್ರೆ ಹೆಚ್ಚಂದ್ರೆ ಶೇಕಡಾ ತೋರಿಸೋ ಲೆಕ್ಕ ಸರಿ ಹೋಗಬಹುದು, ಇಲ್ಲದ ಶಕ್ತಿ ಎಲ್ಲಿಂದ ಬರುತ್ತೆ? ಆದ್ರೂ ಮಾಡಿ ನೋಡಿದೆ. ಏನೂ ಆಗಲಿಲ್ಲ. ಮತ್ತೆ ಹೋದೆ. ಆವಾಗ ಬಂತು ನೋಡಿ ಆ ಮಾತು:

"ಯಜಮಾನ್ರೇ, ಗ್ಯಾರಂಟಿ ಕೊಟ್ಟಿರೋದು ಬ್ಯಾಟರಿಗೆ. ಬ್ಯಾಕಪ್‌ಗಲ್ಲ."

ಎರಡು ಸಲ ಹೇಳಿದ. ಗ್ಯಾರಂಟಿ ಬ್ಯಾಟರಿಗೆ, ಬ್ಯಾಕಪ್‌ಗಲ್ಲ! ಅಲ್ಲಿದ್ದ ಹುಡುಗರು ಕಿಸಕ್ಕಂತ ನಕ್ಕರು. ಬ್ಯಾಟರಿ ಅಂದ್ರೆ ಮತ್ತೇನು, ಶೋಕೇಸಲ್ಲಿ ಇಡೋ ಗೊಂಬೆನಾ? ಚಾರ್ಜ್ ನಿಲ್ಲದ ಬ್ಯಾಟರಿಗೆ ಯಾವ ಲೆಕ್ಕದ ಗ್ಯಾರಂಟಿ? ಅಷ್ಟಕ್ಕೇ ಬಿಡಲಿಲ್ಲ. "ನಿಮ್ಮ ವಯಸ್ಸಿನೋರು ವಾಟ್ಸಾಪಲ್ಲಿ ಬಂದಿದ್ದನ್ನೆಲ್ಲಾ ಒತ್ತಿರ್ತೀರಿ, ವೈರಸ್ ಬಂದಿರುತ್ತೆ, 600 ಕೊಡಿ ಫ್ಲ್ಯಾಶ್ ಹೊಡೆದು ಕೊಡ್ತೀನಿ" ಅಂದ. ಫ್ಲ್ಯಾಶ್ ಅಂದ್ರೆ ಫೋನಿನ ಸಾಫ್ಟ್‌ವೇರ್ ಹೊಸದಾಗಿ ತುಂಬೋದು. ಹಿಂದಿನ ಪ್ಯಾನೆಲ್ ಒಂದು ಮೂಲೇಲಿ ಉಗುರು ತೂರುವಷ್ಟು ಎದ್ದಿತ್ತು, ಅದನ್ನೂ ತೋರಿಸಿದೆ. "ಗಮ್ ಒಣಗಿಲ್ಲ ಸರ್, ರಬ್ಬರ್ ಬ್ಯಾಂಡ್ ಹಾಕ್ಕೊಳ್ಳಿ." ರಬ್ಬರ್ ಬ್ಯಾಂಡ್ ಅಂತೆ!

ಆ ಸಂಜೆ ಅಕ್ಕನ ಮಗಳು ಮನೆಗೆ ಬಂದಿದ್ಲು. ಅವಳು ಮಾಡಿದ್ದು ಇಷ್ಟೇ: ಸೆಟ್ಟಿಂಗ್ಸ್, ಬ್ಯಾಟರಿ, ಬ್ಯಾಟರಿ ಬಳಕೆ. ಯಾವ ಆ್ಯಪ್ ಎಷ್ಟು ಶೇಕಡಾ ತಿಂದಿದೆ ಅಂತ ಸಾಲಾಗಿ ಬಂತು. ಮೇಲುಗಡೆ ಯಾರು ಗೊತ್ತಾ? ಆ ರಾಕೆಟ್ಟು. 41 ಪರ್ಸೆಂಟ್! ಅದರಲ್ಲಿ ಮುಕ್ಕಾಲು ನಾನು ಮುಟ್ಟದೇ ಇದ್ದಾಗ, ಹಿಂದೆ ಹಿಂದೆ ಓಡಿದ್ದು. "ಮಾಮಾ, ಇದನ್ನ ಯಾರು ಹಾಕಿದ್ದು?" ಅಂದ್ಲು. 400 ರೂಪಾಯಿ ಕೊಟ್ಟು ಹಾಕಿಸಿಕೊಂಡ ಸಾಫ್ಟ್‌ವೇರ್ ಕ್ಲೀನಿಂಗ್ ಅದು ಅಂತ ಮಗುವಿನ ಮುಂದೆ ಹೇಳೋಕೂ ನಾಚಿಕೆ. ಬೇರೆ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳೋ ಅನುಮತಿ, ಬ್ಯಾಟರಿ ಮಿತಿ ಇಲ್ಲದೆ ಓಡೋ ಅನುಮತಿ, ಎಲ್ಲ ಆ ಮನುಷ್ಯನೇ ಒತ್ತಿ ಕೊಟ್ಟಿದ್ದ. ಬ್ಯಾಟರಿ ಉಳಿಸೋ ಆ್ಯಪ್‌ಗೆ ಬ್ಯಾಟರಿ ಎಷ್ಟು ಬೇಕಾದ್ರೂ ತಿನ್ನು ಅಂತ ಅನುಮತಿ! ಹೊಟ್ಟೆ ಉರಿಯಲ್ವಾ?

ಇಂಥ ಸೇವರ್, ಬೂಸ್ಟರ್, ಕೂಲರ್ ಯಾವುದೂ ಬೇಡ್ರಿ. ಫೋನ್ ಸುಮ್ಮನೆ ಬಿದ್ದಿದ್ದಾಗ ಆ್ಯಪ್‌ಗಳನ್ನ ಮಲಗಿಸೋ ವ್ಯವಸ್ಥೆ ಆಂಡ್ರಾಯ್ಡ್ ಒಳಗೇ 2015ರ 6.0 ಆವೃತ್ತಿಯಿಂದ ಇದೆ. ನಾವು ಅಪರೂಪಕ್ಕೆ ಬಳಸೋ ಆ್ಯಪ್‌ಗಳ ಓಟ ತಾನಾಗೇ ಕಡಿಮೆ ಮಾಡೋದು 2018ರ 9ನೇ ಆವೃತ್ತಿಯಲ್ಲಿ ಬಂತು. ಈ ರಾಕೆಟ್ಟುಗಳು ಮಾಡೋದೇನು ಅಂದ್ರೆ, ಓಡ್ತಿರೋ ಆ್ಯಪ್ ಸಾಯಿಸ್ತವೆ, ಅದು ಮತ್ತೆ ಎದ್ದು ಕೂರುತ್ತೆ, ಏಳೋಕೆ ಇನ್ನಷ್ಟು ಚಾರ್ಜ್ ಬೇಕು. ನಾವೇ ಕೂತು ಎಲ್ಲ ಆ್ಯಪ್ ಮೇಲಕ್ಕೆ ತಳ್ಳಿ ತಳ್ಳಿ ಮುಚ್ಚೋದೂ ಅಷ್ಟೇ ದಂಡ.

ರಾಕೆಟ್ ತೆಗೆದಿದ್ದೂ ಆಯ್ತು, ಜಾಹೀರಾತು ನಿಂತಿದ್ದೂ ಆಯ್ತು. ಆದ್ರೆ 38ಕ್ಕೆ ಆಫ್ ಆಗೋದು ನಿಲ್ಲಲಿಲ್ಲ. ಆಮೇಲೆ ಕಂಪನಿ ಸರ್ವಿಸ್ ಸೆಂಟರ್‌ಗೆ ಹೋದೆ. ಅಲ್ಲಿಯವರು ಬಿಚ್ಚಿ, ಬ್ಯಾಟರಿ ಮೇಲಿನ ಸ್ಟಿಕ್ಕರ್ ಕಡೆ ಬೆರಳು ತೋರಿಸಿ ಸುಮ್ಮನಾದ್ರು. ಸಾಮರ್ಥ್ಯ 5,000 ಎಂಎಎಚ್ ಅಂತ ದೊಡ್ಡ ಅಕ್ಷರದಲ್ಲಿದೆ. ಕಂಪನಿ ಹೆಸರಿನಲ್ಲೇ ಒಂದು ಅಕ್ಷರ ತಪ್ಪು. ಬಿಐಎಸ್, ಅಂದ್ರೆ ಭಾರತೀಯ ಮಾನಕ ಬ್ಯೂರೋದ ಗುರುತೇ ಇಲ್ಲ. ನಮ್ಮ ದೇಶದಲ್ಲಿ ಮಾರೋ ಫೋನ್ ಬ್ಯಾಟರಿ ಐಎಸ್ 16046 ಮಾನಕದ ಪ್ರಕಾರ ನೋಂದಣಿ ಆಗಿರಬೇಕು, ಇಂಗ್ಲಿಷಿನ ಆರ್ ಅಕ್ಷರದಿಂದ ಶುರುವಾಗೋ ನಂಬರ್ ಅದರ ಮೇಲಿರಬೇಕು, ಆ ನಂಬರ್ ನಿಜಾನಾ ಅಂತ ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿ ನೋಡಬಹುದು. ನನ್ನದರಲ್ಲಿ ಹಾಕಿ ನೋಡೋಕೆ ನಂಬರೇ ಇರಲಿಲ್ಲ. ಮಧ್ಯದಲ್ಲಿ ಊದಿಕೊಂಡಿತ್ತು ಬೇರೆ. ಪ್ಯಾನೆಲ್ ಎದ್ದಿದ್ದು ಅದಕ್ಕೆ, ಗಮ್ಮಿಗಲ್ಲ. ರಬ್ಬರ್ ಬ್ಯಾಂಡ್ ಹಾಕಿ ಒತ್ತಿ ಕಟ್ಟಿದ್ರೆ ಬೆಂಕಿ ಹತ್ತೋ ಅಪಾಯ ಇತ್ತು ಅಂದ್ರು. ಹಾಗೆ ಊದಿರೋದನ್ನ ಕಂಡ್ರೆ ಚಾರ್ಜ್ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಆ ಮನುಷ್ಯ ನನ್ನ ಜೇಬಿಗೆ ಇದನ್ನ ಇಟ್ಟು ಕಳಿಸಿದ್ದ!

ಅಲ್ಲಿ ನಿಜವಾದ ಬ್ಯಾಟರಿ, ಕೂಲಿ ಸೇರಿ 1,650. ಬಿಲ್ ಸಮೇತ. ಡೂಪ್ಲಿಕೇಟ್‌ಗೆ 1,800 ಕೊಟ್ಟಿದ್ದೆ.

ಇಷ್ಟಕ್ಕೇ ಮುಗೀತು ಅಂದುಕೊಂಡ್ರಾ? ಕಂಪನಿ ಬ್ಯಾಟರಿ ಹಾಕಿಸಿದ ಮೇಲೂ ಯಾರ್ಡಿಗೆ ಹೋದ ದಿನ ಮಧ್ಯಾಹ್ನಕ್ಕೆ ಚಾರ್ಜ್ ಅದೇ 30ರ ಆಸುಪಾಸು! ಭಾನುವಾರ ಮನೇಲಿದ್ರೆ ಮಾತ್ರ ರಾತ್ರಿವರೆಗೂ ಆರಾಮಾಗಿ ಬರ್ತಿತ್ತು. ಇದನ್ನ ಹೇಳಿದ್ದಕ್ಕೆ ಅಕ್ಕನ ಮಗಳು ಬ್ಯಾಟರಿ ಬಳಕೆ ಪುಟದಲ್ಲಿ ಆ್ಯಪ್ ಅಂತ ಇದ್ದಿದ್ದನ್ನ ಸಿಸ್ಟಮ್ ಅಂತ ಬದಲಾಯಿಸಿ ನೋಡಿದ್ಲು. ಮೇಲುಗಡೆನೇ ಮೊಬೈಲ್ ನೆಟ್‌ವರ್ಕ್. ನಾನು ದಿನಾ ಕೂರೋದು ತಗಡಿನ ಗೋಡೌನ್ ಒಳಗೆ, ಸುತ್ತ ಮೆಕ್ಕೆಜೋಳದ ಚೀಲದ ಲಾಟು. ಒಂದು ಸಿಮ್‌ಗೆ ಒಂದೇ ಕಡ್ಡಿ, ಇನ್ನೊಂದಕ್ಕೆ ಅದೂ ಇಲ್ಲ. ಟವರ್ ಸರಿಯಾಗಿ ಸಿಗದಿದ್ರೆ ಫೋನು ಯಾರ್ಡಿನ ಆ ತುದಿಯಲ್ಲಿರೋ ಹಮಾಲನನ್ನ ಕೂಗೋ ಹಾಗೆ ದನಿ ಏರಿಸಿ ಏರಿಸಿ ಕೂಗ್ತಾನೇ ಇರುತ್ತೆ, ಚಾರ್ಜೆಲ್ಲ ಆ ಕೂಗಿಗೇ ಖರ್ಚು. ಅದಕ್ಕೆ ಮದ್ದು ಏನು? ಗೋಡೌನಲ್ಲಿರೋವಾಗ ಎರಡನೇ ಸಿಮ್ ಆಫ್. 5ಜಿ ಬದಲು 4ಜಿ. ಅಂಗಡಿಲಿ ವೈಫೈ ಇದೆ, ಟವರ್ ಬದಲು ಅದರ ಮೂಲಕವೇ ಕರೆ ಹೋಗೋ ಹಾಗೆ ವೈಫೈ ಕಾಲಿಂಗ್ ಆನ್. ಕಾಸಿಲ್ಲದ ಕೆಲಸ. ಈಗ ಸಂಜೆ ಅಂಗಡಿ ಮುಚ್ಚುವಾಗ 50ರ ಮೇಲೇ ಇರುತ್ತೆ.

ಅಂದ್ರೆ ಮೊದಲಿದ್ದ ಬ್ಯಾಟರಿಗೆ ಏನೂ ಆಗಿರಲಿಲ್ಲ. ದಿನಕ್ಕೊಂದು ಸಲ ಚಾರ್ಜ್ ಮಾಡಿದ್ರೂ ವರ್ಷ ಕಳೆದ ಮಾತ್ರಕ್ಕೆ ಒಳ್ಳೇ ಬ್ಯಾಟರಿ ಸಾಮಾನ್ಯವಾಗಿ ಹಂಗೆ ಸಾಯಲ್ಲ. ಸುಮಾರು 500 ಸಲ ತುಂಬಿ ಖಾಲಿಯಾದ ಮೇಲೂ 80 ಪರ್ಸೆಂಟ್ ಹತ್ರ ಶಕ್ತಿ ಉಳಿಸ್ಕೊಂಡಿರುತ್ತೆ. ಚೆನ್ನಾಗಿದ್ದ ಬ್ಯಾಟರಿನ ಕಿತ್ತು, ಊದೋ ಬ್ಯಾಟರಿ ತುರುಕಿ, ಮೇಲೊಂದು ರಾಕೆಟ್ ಕೂರಿಸಿ, 2,200 ತಗೊಂಡ.

ಕೊನೇ ಸಲ ಹೋಗಿದ್ದು ದುಡ್ಡು ಕೇಳೋಕೆ. ಸರ್ವಿಸ್ ಸೆಂಟರ್ ಚೀಟಿ ತೋರಿಸಿದೆ. "ಅವ್ರು ಹಂಗೇ ಹೇಳೋದು ಸರ್, ನಮ್ಮ ವ್ಯಾಪಾರ ಕಂಡ್ರೆ ಅವ್ರಿಗಾಗಲ್ಲ." ಬಿಲ್ ಆದ್ರೂ ಕೊಡು ಅಂದೆ. "2,200ಕ್ಕೆಲ್ಲಾ ಬಿಲ್ ಕೇಳ್ತಾರೇನ್ರಿ? ಬೇಕಾದ್ರೆ ಕೋರ್ಟಿಗೆ ಹೋಗಿ." ಹೋಗೋಣ ಬಿಡು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದೇ ಇರೋದೇ ಅನುಚಿತ ವ್ಯಾಪಾರ. ದೋಷ ಇರೋ ಮಾಲು ಬಿಲ್ಲಲ್ಲಿ ಬರೆದ ಅವಧಿಯೊಳಗೆ, ಏನೂ ಬರೆದಿರದಿದ್ರೆ 30 ದಿನದೊಳಗೆ, ವಾಪಸ್ ತಗೊಳ್ಳಲ್ಲ ಅನ್ನೋದೂ ಅದೇ ಪಟ್ಟಿಲಿದೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ. ಯಾರಾದ್ರೂ "ನೀವೇ ಹುಷಾರಾಗಿರಬೇಕಿತ್ತು" ಅನ್ನೋಕೆ ಬರೋದಾದ್ರೆ ದಯವಿಟ್ಟು ಬರಬೇಡಿ. ಹಾಗಂದೋರ ಬಾಯಿ ಮುಚ್ಚಿಸಿ ಮುಚ್ಚಿಸಿ ಸಾಕಾಗಿದೆ. ಮೋಸ ಮಾಡಿದೋನನ್ನ ಬಿಟ್ಟು ಮೋಸ ಹೋದೋನಿಗೆ ಬುದ್ಧಿ ಹೇಳೋ ಚಾಳಿ ನಮ್ಮೂರಲ್ಲಿ ಸ್ವಲ್ಪ ಜಾಸ್ತಿನೇ.

ನೀವು ಮಾತ್ರ, ಅಂಗಡಿ ಮೆಟ್ಟಿಲು ಹತ್ತೋಕೆ ಮುಂಚೆ ಆ ಬ್ಯಾಟರಿ ಬಳಕೆ ಪುಟ ತೆಗೆದು ಸ್ಕ್ರೀನ್‌ಶಾಟ್ ಹೊಡ್ಕೊಳ್ಳಿ. ಫೋನನ್ನ ಸೇಫ್ ಮೋಡಲ್ಲಿ ಅರ್ಧ ದಿನ ಓಡಿಸಿ ನೋಡಿ. ಅದರಲ್ಲಿ ನಾವು ಹಾಕಿಕೊಂಡ ಆ್ಯಪ್ ಯಾವುದೂ ಓಡಲ್ಲ, ಆವಾಗ ಚಾರ್ಜ್ ನಿಂತ್ರೆ ಕಳ್ಳ ಯಾವುದೋ ಆ್ಯಪ್ಪೇ, ಬ್ಯಾಟರಿ ಅಲ್ಲ. ಮನೇಲಿ ಚಾರ್ಜ್ ನಿಂತು ಕೆಲಸದ ಜಾಗದಲ್ಲಿ ಇಳಿದ್ರೆ ಸಿಗ್ನಲ್ ನೋಡಿ. ಬದಲಾಯಿಸಲೇಬೇಕು ಅಂತಾದ್ರೆ ಕಣ್ಣೆದುರಿಗೇ ಹಾಕಿಸಿ, ಹಳೇದು ಕೈಗೆ ಬರೋವರೆಗೂ ದುಡ್ಡು ಬಿಚ್ಚಬೇಡಿ. "ಬ್ಲಾಸ್ಟ್ ಆಗುತ್ತೆ" ಅಂದ್ರೆ ಆಗ್ಲಿ ಕೊಡಪ್ಪ ಅನ್ನಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೀನಿ. ದುಡ್ಡು ಯುಪಿಐಲಿ ಹಾಕಿದ್ದರಿಂದ ಅವನ ಹೆಸರು, ತಾರೀಖು, ಮೊತ್ತ ಎಲ್ಲ ದಾಖಲೆಯಲ್ಲಿದೆ. ಬಿಲ್ಲಿಲ್ಲದವರಿಗೆ ಅದೇ ಆಧಾರ, ಅಳಿಸಬೇಡಿ. ದೂರು ಹೋದ ಮೇಲೆ ಅವನಿಂದ ವಾಟ್ಸಾಪ್ ಬಂತು: "ಅಣ್ಣಾ, ನಮ್ಮ ನಮ್ಮೊಳಗೆ ಯಾಕೆ, 500 ಹಾಕ್ತೀನಿ, ದೂರು ವಾಪಸ್ ತಗೊಳ್ಳಿ." ಯಜಮಾನ ಹೋಗಿ ಅಣ್ಣ ಆಗಿದ್ದೀನಿ. ಪೂರ್ತಿ 2,200 ಬರೋವರೆಗೂ ದೂರು ವಾಪಸ್ ತಗೊಳ್ಳಲ್ಲ. ಇಷ್ಟು ಸಣ್ಣ ಮೊತ್ತಕ್ಕೆ ದಾವಣಗೆರೆ ಗ್ರಾಹಕರ ಆಯೋಗದಲ್ಲಿ ಕೇಸ್ ಹಾಕಿದ ಅನುಭವ ಯಾರಿಗಾದ್ರೂ ಇದ್ದರೆ ತಿಳಿಸಿ, ವಕೀಲರಿಲ್ಲದೆ ನಾವೇ ಬರೆದುಕೊಟ್ಟರೆ ನಡೆಯುತ್ತಂತೆ, ಅರ್ಜಿ ಜೊತೆ ಏನೇನು ಇಡಬೇಕು ಅನ್ನೋದು ಗೊತ್ತಾಗಬೇಕು. ಊದಿದ ಬ್ಯಾಟರಿ ಫೋಟೋ, ಸರ್ವಿಸ್ ಸೆಂಟರ್ ಚೀಟಿ, ಆ ವಿಸಿಟಿಂಗ್ ಕಾರ್ಡು, ಮೂರೂ ಇಟ್ಕೊಂಡಿದ್ದೀನಿ.