ಜೆಮ್, ರಾಜ್ಯದ ಟೆಂಡರ್, ಸಬ್ ಕಾಂಟ್ರಾಕ್ಟ್: ಸಣ್ಣ ಘಟಕಕ್ಕೆ ಯಾವುದು ಒಗ್ಗುತ್ತದೆ?

‘ಹೆಂಗಸರ ಹೆಸರಲ್ಲಿ ಉದ್ಯಮ್ ನೋಂದಣಿ ಮಾಡಿಸಿ, ಸರ್ಕಾರಿ ಆರ್ಡರ್ ತಾನಾಗಿ ಬರುತ್ತೆ’ ಎನ್ನುವವರು ಕಾರವಾರದಲ್ಲಿ ಬೇಕಾದಷ್ಟು ಸಿಗುತ್ತಾರೆ. ಉದ್ಯಮ್ ಎಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ. ಅದರಿಂದ ತಾನಾಗಿ ಏನೂ ಬರುವುದಿಲ್ಲ. ಕೋಡಿಬಾಗದಲ್ಲಿ ನನ್ನದೊಂದು ಹೊಲಿಗೆ ಘಟಕವಿದೆ. ಬೆಡ್‌ಶೀಟ್, ಪರದೆ, ಕೆಲಸಗಾರರ ಯೂನಿಫಾರ್ಮ್ ಹೊಲಿಯುತ್ತೇವೆ. ಒಂದು ಕಡೆ ನೌಕಾನೆಲೆ, ಇನ್ನೊಂದು ಕಡೆ ಕೈಗಾ, ಊರೊಳಗೆ ಜಿಲ್ಲಾ ಕಚೇರಿಗಳು. ಗಿರಾಕಿಗಳೇನೋ ಇದ್ದಾರೆ. ಅವರನ್ನು ಮುಟ್ಟುವ ಮೂರು ದಾರಿಗಳನ್ನೂ ನಾನು ಪ್ರಯತ್ನಿಸಿದ್ದೇನೆ.

ಮೊದಲು ಜೆಮ್, ಅಂದರೆ ಸರ್ಕಾರಿ ಕಚೇರಿಗಳು ಆನ್‌ಲೈನ್‌ನಲ್ಲಿ ಖರೀದಿ ಮಾಡುವ ಕೇಂದ್ರದ ಪೋರ್ಟಲ್. ಜಾಸ್ತಿ ಆಸೆ ಹುಟ್ಟಿಸಿದ್ದು ಇದೇ. 2012ರ ಖರೀದಿ ನೀತಿಯ ಪ್ರಕಾರ ಕೇಂದ್ರದ ಇಲಾಖೆಗಳು, ಸಾರ್ವಜನಿಕ ಉದ್ಯಮಗಳು ವರ್ಷದ ಖರೀದಿಯಲ್ಲಿ 25% ಭಾಗವನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಕೊಳ್ಳಬೇಕು. ಅದರೊಳಗೇ 4% ಎಸ್‌ಸಿ, ಎಸ್‌ಟಿ ಉದ್ಯಮಿಗಳಿಗೆ, 3% ಮಹಿಳೆಯರಿಗೆ. ನಮ್ಮಂಥವರು ಇಎಂಡಿ, ಅಂದರೆ ಬಿಡ್ ಜೊತೆ ಇಡುವ ಠೇವಣಿ, ಕಟ್ಟಬೇಕಿಲ್ಲ. ಬಿಡ್ ಹಾಕುವ ಸಲುವಾಗಿ ದುಡ್ಡು ಎಲ್ಲೋ ಸಿಕ್ಕಿಹಾಕಿಕೊಳ್ಳುವುದಿಲ್ಲ ಎನ್ನುವುದು ನನಗೆ ನಿಜವಾಗಿಯೂ ದೊಡ್ಡ ಅನುಕೂಲ. ಆದರೆ ಇದು ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ ಮಾತ್ರ. ತಂದು ಮಾರುವ ವ್ಯಾಪಾರಿಗೆ ಉದ್ಯಮ್ ಇದ್ದರೂ ಸಿಗುವುದಿಲ್ಲ.

ಈಗ ತೊಡಕಿಗೆ ಬರೋಣ. ಆ 3% ಲೆಕ್ಕ ಇಡೀ ವರ್ಷದ ಖರೀದಿಯದು. ನೀವು ಹಾಕಿದ ಬಿಡ್‌ನಲ್ಲಿ ನಿಮಗೆಂದು ತೆಗೆದಿಟ್ಟ ಪಾಲು ಅಂತ ಏನೂ ಇರಬೇಕೆಂದಿಲ್ಲ. ಇನ್ನೊಂದು ಅನುಕೂಲ ಇದೆ: ಅತಿ ಕಡಿಮೆ ದರ ಹಾಕಿದವರು ದೊಡ್ಡ ಕಂಪನಿ ಆಗಿದ್ದು, ನಿಮ್ಮ ದರ ಅವರದಕ್ಕಿಂತ 15% ಒಳಗೆ ಜಾಸ್ತಿ ಇದ್ದರೆ, ಅವರ ದರಕ್ಕೇ ಇಳಿದು ಆರ್ಡರ್‌ನ ಕಾಲು ಭಾಗ ಪಡೆಯಬಹುದು. ಅವರದು 200 ರೂಪಾಯಿ, ನಮ್ಮದು 225 ಅಂದುಕೊಳ್ಳಿ. 200ಕ್ಕೆ ಒಪ್ಪಿದರೆ ಪಾಲು ಸಿಗುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಬೆಡ್‌ಶೀಟಿನಲ್ಲಿ ಕಡಿಮೆ ದರ ಹಾಕುವವರು ಪಾಣಿಪತ್, ಸೊಲ್ಲಾಪುರದ ಕಡೆಯವರು, ಅವರೂ ಸಣ್ಣ ಉದ್ಯಮಗಳೇ! ಆಗ ಈ 15% ಮಾತೇ ಏಳುವುದಿಲ್ಲ. ಮಗ್ಗದ ಪಕ್ಕದಲ್ಲೇ ಕೂತವರ ಜೊತೆ, ಹುಬ್ಬಳ್ಳಿಯಿಂದ ಅರಬೈಲ್ ಘಾಟಿ ಇಳಿಸಿ ಬಟ್ಟೆ ತರಿಸುವ ನಾನು ದರದಲ್ಲಿ ಹೇಗೆ ಪೈಪೋಟಿ ಮಾಡಲಿ?

ಯೂನಿಫಾರ್ಮ್ ಕಥೆ ಬೇರೆ. ಅಳತೆ ತೆಗೆಯಬೇಕು, ಸರಿ ಬಾರದ್ದನ್ನು ಬಿಚ್ಚಿ ಹೊಲಿದು ಕೊಡಬೇಕು. ದೂರದವರಿಗೆ ಇದು ತಲೆನೋವು. ಜೆಮ್‌ನಲ್ಲಿ ನನಗೆ ಸಿಕ್ಕ ಒಳ್ಳೆಯ ಆರ್ಡರ್‌ಗಳೆಲ್ಲ ಇಂಥವೇ. ಹಣದ ವಿಷಯಕ್ಕೆ ಬಂದರೆ, ಮಾಲು ತಲುಪಿದ 10 ದಿನದಲ್ಲಿ ಸ್ವೀಕೃತಿ ಪತ್ರ, ಆಮೇಲೆ 10 ದಿನದಲ್ಲಿ ಪಾವತಿ ಎಂದು ನಿಯಮ. ಒಂದು ಕಚೇರಿಯಲ್ಲಿ ಸ್ಟೋರಿನವರು ರಜೆ ಎಂದು ಆ ಪತ್ರವೇ ಕೂತುಬಿಟ್ಟಿತ್ತು.

ರಾಜ್ಯ ಸರ್ಕಾರದ ಟೆಂಡರ್‌ಗಳು ಬರುವ ಕೆಪಿಪಿಪಿ ಪೋರ್ಟಲ್‌ಗೆ ಬೇರೆಯೇ ಕಾನೂನು, ಸಾರ್ವಜನಿಕ ಖರೀದಿಯ 1999ರ ಪಾರದರ್ಶಕತೆ ಕಾಯ್ದೆ. ಕೇಂದ್ರದ ನೀತಿ ಇಲ್ಲಿಗೆ ಅನ್ವಯಿಸುವುದಿಲ್ಲ. ಅಲ್ಲಿ ಇದ್ದ ರಿಯಾಯಿತಿ ಇಲ್ಲೂ ಇರುತ್ತದೆ ಎಂದುಕೊಳ್ಳದೆ ಪ್ರತಿ ಟೆಂಡರ್ ದಾಖಲೆ ಓದಿ. ಇಲ್ಲಿಯ ಮೀಸಲಾತಿ ಬೆಳೆದದ್ದು ಕಾಮಗಾರಿಗಳಲ್ಲಿ: ಎಸ್‌ಸಿ 17.15%, ಎಸ್‌ಟಿ 6.95%, ಆಮೇಲೆ ಹಿಂದುಳಿದ ವರ್ಗಗಳ ಪ್ರವರ್ಗ 1 ಮತ್ತು 2ಎ. ಎಷ್ಟು ಮೊತ್ತದವರೆಗಿನ ಕಾಮಗಾರಿಗೆ ಮೀಸಲಾತಿ ಎಂಬ ಮಿತಿ 50 ಲಕ್ಷ ಇದ್ದದ್ದು 2023ರಲ್ಲಿ 1 ಕೋಟಿ ಆಯಿತು. ಶಿರಸಿ ಕಡೆ ಚರಂಡಿ, ಶಾಲಾ ಕೋಣೆ ಕಟ್ಟಿಸುವ ಸಣ್ಣ ಗುತ್ತಿಗೆದಾರರಿಗೆ ಇದು ಜೆಮ್‌ಗಿಂತ ಎಷ್ಟೋ ಮೇಲು. ಪ್ರವರ್ಗ 2ಬಿ, ಅಂದರೆ ಮುಸ್ಲಿಂ ಗುತ್ತಿಗೆದಾರರಿಗೆ 4% ಕೊಡುವ ಮಸೂದೆ 2025ರ ಮಾರ್ಚ್‌ನಲ್ಲಿ ಸದನದಲ್ಲಿ ಪಾಸಾಯಿತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ತೀರ್ಮಾನಕ್ಕೆ ಬಿಟ್ಟರು. ಕೇಂದ್ರದ 2012ರ ನೀತಿಯಲ್ಲಂತೂ ಅಲ್ಪಸಂಖ್ಯಾತರಿಗೆ ಬೇರೆ ಪಾಲೇ ಇಲ್ಲ. ಹೊಲಿಗೆಯವಳಾದ ನನಗೆ ರಾಜ್ಯದ ಪೋರ್ಟಲ್‌ನಿಂದ ಸಿಕ್ಕಿದ್ದು ಕಡಿಮೆ.

ಸಬ್ ಕಾಂಟ್ರಾಕ್ಟ್ ಎಂದರೆ ಆರ್ಡರ್ ಹಿಡಿದ ದೊಡ್ಡ ಗುತ್ತಿಗೆದಾರರು ನಮ್ಮಿಂದ ಹೊಲಿಸಿಕೊಳ್ಳುವುದು. ಇಲ್ಲಿ ಪೋರ್ಟಲ್ ಇಲ್ಲ, ಫೋನ್ ಸಾಕು. ‘ಅಕ್ಕಾ, ಮುಂದಿನ ವಾರ ಬೇಕು’ ಎನ್ನುತ್ತಾರೆ, ಬಟ್ಟೆಯನ್ನೂ ಅವರೇ ಕೊಡುತ್ತಾರೆ. ಮಳೆಗಾಲದಲ್ಲಿ ಬಟ್ಟೆ ದಾಸ್ತಾನು ಇಟ್ಟು ಬೂಷ್ಟು ಹಿಡಿಸಿಕೊಳ್ಳುವ ಗೋಳಿಲ್ಲ. ಆದರೆ ಉಳಿಯುವುದು ಹೊಲಿಗೆ ಕೂಲಿ ಮಾತ್ರ, ಅದೂ ‘ನಮಗೆ ಬಿಲ್ ಆದ ಮೇಲೆ’. ಸಣ್ಣ ಉದ್ಯಮಗಳ 2006ರ ಕಾಯ್ದೆಯಂತೆ ಲಿಖಿತ ಒಪ್ಪಂದವಿದ್ದರೂ ಹಣ ಕೊಡಲು 45 ದಿನಕ್ಕಿಂತ ಜಾಸ್ತಿ ಎಳೆಯುವಂತಿಲ್ಲ. ಎಳೆದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸರ್ಕಾರಕ್ಕೆ ಆನ್‌ಲೈನ್‌ನಲ್ಲಿ ದೂರು ಕೊಡಬಹುದು. ಮುಂದಿನ ತಿಂಗಳ ಕೆಲಸವನ್ನೂ ಅದೇ ಮನುಷ್ಯ ಕೊಡಬೇಕಿರುವಾಗ ಯಾರು ದೂರು ಕೊಡುತ್ತಾರೆ ಹೇಳಿ?

ನನ್ನ ಮಟ್ಟಿಗೆ ಜೆಮ್‌ಗೇ ಮೊದಲ ಸ್ಥಾನ, ಆದರೆ ಯೂನಿಫಾರ್ಮ್‌ಗೆ ಮಾತ್ರ. ಮಾಲು ತಲುಪಿಸುವ ಜಾಗವನ್ನು ನಮ್ಮ ಜಿಲ್ಲೆ ಮತ್ತು ಅಕ್ಕಪಕ್ಕಕ್ಕೆ ಇಳಿಸಿದ್ದೇನೆ, ಬೆಡ್‌ಶೀಟ್ ಪಟ್ಟಿಯಿಂದಲೇ ತೆಗೆದಿದ್ದೇನೆ. ಯಂತ್ರಗಳು ಖಾಲಿ ಇದ್ದಾಗ ಸಬ್ ಕಾಂಟ್ರಾಕ್ಟ್, ಅದೂ ಅರ್ಧ ಮುಂಗಡ ಕೊಟ್ಟರೆ. ರಾಜ್ಯದ ಟೆಂಡರ್‌ಗೆಂದು ಮಾಡಿಸಿದ ಡಿಜಿಟಲ್ ಸಹಿಯ ಅವಧಿ ಮುಗಿದಿದೆ. ಸದ್ಯಕ್ಕೆ ಹೊಸದು ಮಾಡಿಸುತ್ತಿಲ್ಲ.