ಒಂದು ಡಾಲರಿಗೆ ಐದು ಪುಸ್ತಕ ಅಂತ ಕ್ಲಬ್ ಸೇರಿದವರು ಇದನ್ನೊಮ್ಮೆ ಓದಿ

ಟೆಕ್ಸಸ್‌ನಲ್ಲಿರುವ ಅಕ್ಕನ ಮಗ ಹೋದ ವಾರ ಮೆಸೇಜ್ ಹಾಕಿದ್ದ: "ಮಾವ, ಅಂಚೆಯಲ್ಲಿ ಸೈ-ಫೈ ಪುಸ್ತಕ ಕಳಿಸೋ ಒಂದು ಕ್ಲಬ್ ಸೇರಿದ್ದೀನಿ. ಇರಲಾ, ಬಿಡಲಾ?" ಫೋನ್ ಮಾಡಿ ಅರ್ಧ ಗಂಟೆ ಕೊರೆದೆ. ಅಮೆರಿಕಕ್ಕೆ ಹೊಸದಾಗಿ ಬಂದ ಉಳಿದವರಿಗೂ ಉಪಯೋಗಕ್ಕೆ ಬರಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ. ನಾನು ಸೇರಿದ್ದ ಕ್ಲಬ್ಬಿನ ಹೆಸರು ಹಾಕುವುದಿಲ್ಲ.

2004ರಲ್ಲಿ ನಾನಿದ್ದದ್ದು ಓಹಾಯೋದ ಕೊಲಂಬಸ್‌ನಲ್ಲಿ. ಒಂದು ಮ್ಯಾಗಜಿನ್ ನಡುವೆ ದಪ್ಪ ಕಾಗದದ ಜಾಹೀರಾತು ಸಿಕ್ಕಿತು: 5 ಹಾರ್ಡ್‌ಕವರ್ ಪುಸ್ತಕ, 1 ಡಾಲರ್. ಕೆಳಗೆ ಇರುವೆಯಂಥ ಅಕ್ಷರದಲ್ಲಿ, ಎರಡು ವರ್ಷದೊಳಗೆ ಇನ್ನೂ 4 ಪುಸ್ತಕ ಕ್ಲಬ್ಬಿನ ಬೆಲೆಗೆ ಕೊಳ್ಳಬೇಕು ಅಂತಿತ್ತು. ಓದಿಯೇ ಸಹಿ ಹಾಕಿದೆ. ತಿಂಗಳಿಗೆರಡು ಕಾದಂಬರಿ ಓದುವವನಿಗೆ ನಾಲ್ಕು ಏನು ಮಹಾ? ನಾನು ಎಡವಿದ್ದು ಅಲ್ಲಲ್ಲ, ಕಾರ್ಡಿನಲ್ಲಿ.

ಮೂರು ನಾಲ್ಕು ವಾರಕ್ಕೊಮ್ಮೆ ಒಂದು ಬಣ್ಣದ ಕ್ಯಾಟಲಾಗ್ ಬರುತ್ತದೆ. ಜೊತೆಗೊಂದು ಕಾರ್ಡ್. ಆ ಸಲದ ಮುಖ್ಯ ಪುಸ್ತಕ ಬೇಡವಾದರೆ "ಬೇಡ" ಅಂತ ಗುರುತು ಹಾಕಿ, ಸ್ಟ್ಯಾಂಪ್ ಅಂಟಿಸಿ, ಗಡುವಿನೊಳಗೆ ವಾಪಸ್ ಕಳಿಸಬೇಕು. ಕಳಿಸದಿದ್ದರೆ ಪುಸ್ತಕ ಬರುತ್ತದೆ, ಬಿಲ್ಲೂ ಬರುತ್ತದೆ. ಮೌನಂ ಸಮ್ಮತಿ ಲಕ್ಷಣಂ ಅನ್ನುವುದನ್ನು ಇಷ್ಟು ಅಚ್ಚುಕಟ್ಟಾಗಿ ವ್ಯಾಪಾರ ಮಾಡಿಕೊಂಡವರನ್ನು ನಾನು ಬೇರೆಲ್ಲೂ ಕಂಡಿಲ್ಲ. ತಮಾಷೆ ಅಂದರೆ ಈ ಕಾರ್ಡ್ ಹುಟ್ಟಿದ್ದು ಓದುಗರ ಅನುಕೂಲಕ್ಕೇ. 1926ರಲ್ಲಿ ಬುಕ್ ಆಫ್ ದಿ ಮಂತ್ ಕ್ಲಬ್ ಶುರುವಾದಾಗ ಪುಸ್ತಕ ತಾನಾಗಿ ಮನೆಗೆ ಬರುತ್ತಿತ್ತು. ಜನ ರಾಶಿ ರಾಶಿ ಹಿಂದಕ್ಕೆ ಕಳಿಸಿದ ಮೇಲೆ, ಮೊದಲೇ ಬೇಡ ಅನ್ನಲು ಒಂದು ದಾರಿ ಮಾಡಿದರು.

ನಮ್ಮೂರಿನ ವಿ.ಪಿ.ಪಿ. ನೋಡಿ ಬೆಳೆದವರಿಗೆ ಇದು ತಲೆಗೆ ಹೋಗುವುದು ನಿಧಾನ. ಅಲ್ಲಿ ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ನಿಂತು ದುಡ್ಡು ಕೇಳುತ್ತಾನೆ. ಬೇಡ ಅಂದರೆ ಕಟ್ಟು ಹಿಂದಕ್ಕೆ, ಕಥೆ ಮುಗಿಯಿತು. ಇಲ್ಲಿ ಪುಸ್ತಕ ಮೊದಲು, ಸಾಲ ಆಮೇಲೆ.

2005ರ ಡಿಸೆಂಬರಿನಲ್ಲಿ ನಾಲ್ಕು ವಾರ ಶಿವಮೊಗ್ಗಕ್ಕೆ ಹೋದೆವು. ಜಾಣತನ ಮಾಡಿ ಪೋಸ್ಟಾಫೀಸಿಗೆ ಹೇಳಿ ಅಂಚೆ ತಡೆಹಿಡಿಸಿದ್ದೆ. ವಾಪಸ್ ಬಂದು ಕಟ್ಟು ಬಿಡಿಸಿದರೆ, ಗಡುವು ಮುಗಿದ ಒಂದು ಕಾರ್ಡ್, ಅದರ ಕೆಳಗೆ ಅದೇ ಪುಸ್ತಕದ ಡಬ್ಬಿ! ಅದೂ ನಾನು ಮೊದಲ ಭಾಗವನ್ನೇ ಓದಿರದ ಸರಣಿಯ ಎರಡನೇ ಭಾಗ. ಜೆಟ್‌ಲ್ಯಾಗ್‌ನಲ್ಲಿ ಅದನ್ನು ಟರ್ರನೆ ಹರಿದು ತೆಗೆದೆ. "ರೀ, ಯಾಕ್ರೀ ಬಿಚ್ಚಿದ್ರಿ?" ಅಂದಳು ಹೆಂಡತಿ. ಅವಳು ಹೇಳಿದ್ದೇ ಸರಿ. ಡಬ್ಬಿ ಒಡೆಯದೆ ಮೇಲೆ "ರೆಫ್ಯೂಸ್ಡ್" ಅಂತ ಬರೆದು ಅಂಚೆಗೆ ಕೊಟ್ಟರೆ ನಮ್ಮ ಕೈಯಿಂದ ಅಂಚೆವೆಚ್ಚವಿಲ್ಲದೆ ಹಿಂದಕ್ಕೆ ಹೋಗುತ್ತದೆ. ಒಡೆದ ಮೇಲೆ ಖರ್ಚು ನಮ್ಮದೇ.

ಮುಂದಿನ ವರ್ಷ ಮನೆ ಬದಲಾಯಿಸಿದೆವು. ಕ್ಲಬ್ಬಿಗೆ ಹೊಸ ವಿಳಾಸ ತಿಳಿಸಲಿಲ್ಲ, ಅದು ನನ್ನದೇ ತಪ್ಪು. ಒಂದು ಪುಸ್ತಕ ಹಳೆಯ ಬಾಗಿಲಲ್ಲಿ ಬಿತ್ತು, ಯಾರ ಕೈಗೆ ಹೋಯಿತೋ. ಕೆಲವು ತಿಂಗಳಾದ ಮೇಲೆ ನನ್ನನ್ನು ಹುಡುಕಿಕೊಂಡು ಬಂದದ್ದು ಕ್ಲಬ್ಬಿನ ಪತ್ರವಲ್ಲ, ಸಾಲ ವಸೂಲಿ ಏಜೆನ್ಸಿಯದು. ಬಾಕಿ 17 ಡಾಲರ್ 48 ಸೆಂಟ್. ಮನೆ ಕೊಳ್ಳಲು ಲೋನಿಗೆ ಓಡಾಡುತ್ತಿದ್ದ ಕಾಲ ಅದು. ಕ್ರೆಡಿಟ್ ರಿಪೋರ್ಟ್ (ಲೋನ್ ಕೊಡುವವರು ನೋಡುವ ನಮ್ಮ ಸಾಲದ ಜಾತಕ) ಅನ್ನುವ ಮಾತು ಕಂಡದ್ದೇ ಕೈ ನಡುಗಿ, ತುಟಿ ಪಿಟಕ್ಕೆನ್ನದೆ ಕಟ್ಟಿದೆ.

ಲೆಕ್ಕ ಹೇಳುತ್ತೇನೆ. ಮೊದಲ ಐದಕ್ಕೆ ಸಾಗಣೆ ಸೇರಿ 10 ಡಾಲರ್. ಆಮೇಲಿನ ನಾಲ್ಕು, ತಲಾ 12 ಮತ್ತು ಸಾಗಣೆ 4, ಒಟ್ಟು 64. ಒಂಬತ್ತು ಹಾರ್ಡ್‌ಕವರ್‌ಗೆ 74 ಡಾಲರ್ ಮೋಸವೇನಲ್ಲ. ಅಲ್ಲಿಗೆ ಎದ್ದು ಬಂದಿದ್ದರೆ ನಾನೇ ಗೆದ್ದ ಹಾಗೆ. ಅದಾದ ಮೇಲೂ ಉಳಿದುಕೊಂಡು ತರಿಸಿದ್ದು 11. ಅದರಲ್ಲಿ ಮನಸಾರೆ ಆರಿಸಿದ್ದು ಮೂರು. ಉಳಿದ ಎಂಟು ಕಾರ್ಡ್ ಮರೆತ ದಂಡ.

ಹೋಗಲಿ, ಮಾರೋಣ ಅಂತ ಹಳೆ ಪುಸ್ತಕದ ಅಂಗಡಿಗೆ ಹೊತ್ತೆ. ಅಂಗಡಿಯಾತ ಹೊದಿಕೆಯ ಒಳಮಡಿಕೆ ಬಿಡಿಸಿ ಮೇಲ್ಮೂಲೆ ತೋರಿಸಿದ, ಅಲ್ಲಿ ಬೆಲೆಯೇ ಇಲ್ಲ. ಕೆಳಗೆ ಸಣ್ಣದಾಗಿ "ಬುಕ್ ಕ್ಲಬ್ ಎಡಿಷನ್". ಆಮೇಲೆ ಪ್ರಕಾಶಕರ ಪ್ರತಿಯೊಂದನ್ನು ತಂದು ಪಕ್ಕದಲ್ಲಿಟ್ಟ. ನನ್ನದು ಬೆರಳಗಲ ಕುಳ್ಳು, ಕಾಗದ ತೆಳು, ಕೈಗೆ ಹಗುರ. ಏನೂ ಮಾತಾಡದೆ ಚೀಲವನ್ನು ನನ್ನ ಕಡೆ ಸರಿಸಿದ. ಹಳೆ ಪುಸ್ತಕ ಸಂಗ್ರಹಿಸುವವರೂ ಈ ಗುರುತುಗಳನ್ನು ನೋಡಿಕೊಳ್ಳಿ. ಮೊದಲ ಮುದ್ರಣ ಅಂತ ನಂಬಿ ಕ್ಲಬ್ ಪ್ರತಿಗೆ ದುಡ್ಡು ಸುರಿದವರಿದ್ದಾರೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಬೇಸರವಿಲ್ಲ. ಪೇಪರ್‌ಬ್ಯಾಕ್‌ನಲ್ಲಷ್ಟೇ ಬಂದಿದ್ದ ಮೂರು ಕಾದಂಬರಿಗಳನ್ನು ಒಂದೇ ರಟ್ಟಿನೊಳಗೆ ಹೊಲಿದ ಇಟ್ಟಿಗೆಯಂಥ ಸಂಪುಟಗಳನ್ನು ಕ್ಲಬ್ಬಿನವರೇ ಅಚ್ಚು ಹಾಕಿಸುತ್ತಿದ್ದರು. ಅಂಥದ್ದೊಂದು ಈಗಲೂ ನನ್ನ ಮಂಚದ ಪಕ್ಕ ಇದೆ. ಅಂಥ ಸಂಪುಟಗಳ ಹುಚ್ಚಿದ್ದರೆ ಸೇರಿ, ಒಪ್ಪಿಕೊಂಡಷ್ಟು ಕೊಳ್ಳಿ, ಆಮೇಲೆ ಒಂದು ದಿನವೂ ನಿಲ್ಲಬೇಡಿ.

"ಈಗ ಒಂದೇ ಕ್ಲಿಕ್ಕಿಗೆ ಬಿಡಬಹುದಲ್ವಾ ಮಾವ?" ಅಂದ ಅಳಿಯ. ಹಾಗೊಂದು ನಿಯಮವನ್ನು ಗ್ರಾಹಕರ ಹಿತ ನೋಡುವ ಸರಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ತಂದಿತ್ತು ನಿಜ, ಆದರೆ 2025ರ ಜುಲೈನಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ರದ್ದು ಮಾಡಿತು. ಕೈಗೆ ಸಿಗುವುದು ಅದೇ ಕಮಿಷನ್ನಿನ 1973ರ ನಿಯಮ. ಅದರ ಪ್ರಕಾರ ಬೇಡ ಅನ್ನಲು ಕನಿಷ್ಠ 10 ದಿನ ಕೊಡಬೇಕು. ಕಾರ್ಡ್ ತಡವಾಗಿ ಬಂದು ಅಷ್ಟು ದಿನ ಸಿಗದಿದ್ದರೆ ಅವರ ಖರ್ಚಿನಲ್ಲೇ ಪುಸ್ತಕ ವಾಪಸ್ ತೆಗೆದುಕೊಂಡು ಪೂರ್ತಿ ದುಡ್ಡು ಬಿಡಬೇಕು. ಒಪ್ಪಿದಷ್ಟು ಕೊಂಡಾದ ಮೇಲೆ ಸದಸ್ಯತ್ವ ಬಿಡುತ್ತೇನೆ ಅಂತ ಬರವಣಿಗೆಯಲ್ಲಿ ತಿಳಿಸಿದರೆ ಬೇಗನೆ ಬಿಡುಗಡೆ ಮಾಡಬೇಕು. ನಾನು ಫೋನಿನಲ್ಲಿ ಎರಡು ಸಲ ಹೇಳಿದ್ದೆ, ಎರಡು ಸಲವೂ "ಆಗಲಿ ಸರ್" ಅಂದಿದ್ದರು. ಕೊನೆಗೆ ಕೆಲಸ ಮಾಡಿದ್ದು ಸ್ವೀಕೃತಿ ಚೀಟಿ ಸಮೇತ ಹಾಕಿದ ರಿಜಿಸ್ಟರ್ಡ್ ಪತ್ರ.

ಅಳಿಯನದು ಇನ್ನೂ ಎರಡು ಪುಸ್ತಕ ಬಾಕಿ ಇದೆಯಂತೆ. ಈ ತಿಂಗಳ ಕಾರ್ಡ್ ಎಲ್ಲಿ ಅಂತ ಕೇಳಿದೆ. "ಫ್ರಿಜ್ ಮೇಲೆ ಎಲ್ಲೋ ಇರ್ಬೇಕು, ನೋಡ್ತೀನಿ" ಅಂದ.