ಲಿಸ್ಟರ್ ಡೀಸೆಲ್ಲೋ, ಸೀಮೆಎಣ್ಣೆ ವಿಲ್ಲಿಯರ್ಸೋ?

ಹಳೇ ಪಂಪಿನ ಎಂಜಿನ್ ರಿಪೇರಿ ಮಾಡಿ ಓಡಿಸುವ ಹುಚ್ಚಿದ್ದರೆ ಮೊದಲು ಜಾಗ ನೋಡಿ. 6 ಅಶ್ವಶಕ್ತಿಯ ಲಿಸ್ಟರ್ ಸಿಎಸ್ ಡೀಸೆಲ್ ಎಂಜಿನ್ ನಿಮಿಷಕ್ಕೆ ಬರೇ 650 ಸುತ್ತು ತಿರುಗುತ್ತದೆ. ಎರಡು ಫ್ಲೈವೀಲ್‌ಗಳ (ಓಟ ಸಮನಾಗಿಡುವ ದೊಡ್ಡ ಚಕ್ರಗಳು) ಭಾರಕ್ಕೆ ಕಾಂಕ್ರೀಟ್ ಬುಡ ಬೇಕೇ ಬೇಕು. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಎತ್ತಿ ಹಿಡಿದು ಹ್ಯಾಂಡಲ್ ತಿರುಗಿಸಿ, ವೇಗ ಬಂದಾಗ ವಾಲ್ವ್ ಬಿಟ್ಟರೆ ‘ಡುಗ್ ಡುಗ್’ ಎಂದು ಹಿಡಿದುಕೊಳ್ಳುತ್ತದೆ. ಆ ಸದ್ದಿಗೇ ಜನ ಮರುಳಾಗುವುದು! ಹಿಡಿಯದಿದ್ದರೆ ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿರಬಹುದು. ಮಳೆಗಾಲವಿಡೀ ನಿಂತಿದ್ದರೆ ವಾಲ್ವ್ ತುಕ್ಕಿಗೆ ಅಂಟಿರುತ್ತದೆ. ಎಣ್ಣೆ ಬಿಟ್ಟು ಸಡಿಲಿಸದೆ ತಿರುಗಿಸಿದರೆ ವಾಲ್ವ್ ತೆರೆಸುವ ಸಲಾಕೆ, ಅಂದರೆ ಪುಶ್‌ರಾಡ್, ಬಗ್ಗೀತು. ರಾಜಕೋಟ್‌ನಲ್ಲಿ ಇದರ ನಕಲು ತಯಾರಾದ್ದರಿಂದ ಬಿಡಿಭಾಗಗಳ ಚಿಂತೆ ಕಡಿಮೆ.

ವಿಲ್ಲಿಯರ್ಸ್ ಹಗುರ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಚೆನ್ನಾಗಿ ಬಿಸಿಯಾದ ಮೇಲಷ್ಟೇ ಸೀಮೆಎಣ್ಣೆಗೆ ಹಾಕಬೇಕು. ಅವಸರಪಟ್ಟರೆ ಆವಿಯಾಗದ ಸೀಮೆಎಣ್ಣೆ ಕೆಳಗಿಳಿದು ಆಯಿಲ್ ತೆಳ್ಳಗಾಗುತ್ತದೆ, ಪ್ಲಗ್ಗಿಗೆ ಮಸಿ ಕಟ್ಟುತ್ತದೆ.

ಮಲ್ಪೆಯಂಥ ಕಡಲ ಬದಿಯಲ್ಲಾದರೆ ಲಿಸ್ಟರೇ ಲೇಸು: ಉಪ್ಪುಗಾಳಿಗೆ ಕೆಡಲು ಅದರಲ್ಲಿ ವಿಲ್ಲಿಯರ್ಸ್‌ನಂತೆ ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೊ ಪಾಯಿಂಟೇ ಇಲ್ಲ.